ಎಂಬತ್ತರ ಮಿತಿ

ನಾಡಿಮಿಡಿತ ಎಂಬತ್ತು ದಾಟಿದವರು ವ್ಯಾಪಾರ ಮಾಡುವಂತಿಲ್ಲ ಎಂಬ ನಿಯಮ ಬಂದು ಆರು ತಿಂಗಳಾಗಿತ್ತು. ಮುಂದೆ ಬರುವ ಮಾಲಿಗೆ ಈಗಲೇ ದರ ಕಟ್ಟುವ ಬ್ಯಾಡಗಿಯ ಮೆಣಸಿನಕಾಯಿ ವಾಯಿದಾ ಪೇಟೆಯಲ್ಲಿ ಎಲ್ಲರ ಮುಂಗೈಗೂ ನಾಡಿ ಅಳೆಯುವ ಒಂದು ಪಟ್ಟಿ. ಮಿತಿ ದಾಟಿ ಅದು ಕೆಂಪಾದರೆ ಅವರ ವ್ಯಾಪಾರದ ಪರದೆ ದಿನವಿಡೀ ಬಂದ್. ದರದ ಹುಚ್ಚು ಏರಿಳಿತ ನಿಂತುಹೋಯಿತು. ಆ ಏರಿಳಿತದಲ್ಲೇ ಹೆಸರು ಮಾಡಿದ್ದ ಚನ್ನವೀರಪ್ಪ ಮೂಲೆ ಸೇರಿದ. ಅವನೇ ಕೆಲಸ ಕಲಿಸಿದ್ದ ಕಸ್ತೂರಿಯ ನಾಡಿ ಮಾತ್ರ ಎಂದೂ ಅರವತ್ತೆರಡು ದಾಟುತ್ತಿರಲಿಲ್ಲ. ಈಗ ಇಡೀ ಪೇಟೆ ಅವಳ ಮಾತು ಕೇಳುತ್ತಿತ್ತು. ಅವಳ ಪಟ್ಟಿಯ ಹಸಿರು ಕಂಡರೇ ಅವನ ಹೊಟ್ಟೆ ಉರಿಯುತ್ತಿತ್ತು.

ಅಂದು ಅವನು ಅವಳತ್ತ ಬಾಗಿ ಸುಳ್ಳು ಹೇಳಿದ. “ಕಸ್ತೂರಿ, ನಿಮ್ಮ ಮನಿಯಿಂದ ಫೋನ್ ಬಂದಿತ್ತು. ನಿಮ್ಮವ್ವ ಜಾರಿ ಬಿದ್ದಾರಂತ.”

ಅವಳ ಪಟ್ಟಿ ಕೆಂಪಾಯಿತು, ಪರದೆ ಕಪ್ಪಾಯಿತು. ಅವಳು ಅದರತ್ತ ನೋಡಲೂ ಇಲ್ಲ. ಚಪ್ಪಲಿ ಮೆಟ್ಟುತ್ತಲೇ ತನ್ನ ಖರೀದಿಯ ಚೀಟಿಗಳನ್ನು ಅವನ ಕೈಗಿಟ್ಟಳು.

“ನನ್ನ ವ್ಯಾಪಾರ ನೀವ ನೋಡ್ಕೊಳ್ರಿ, ಅಣ್ಣಾರ. ಇಲ್ಲೆ ನಿಮ್ಮನ್ನ ಬಿಟ್ಟು ಯಾರನ್ನೂ ನಂಬಂಗಿಲ್ಲ ನಾ.”

ಚೀಟಿಗಳನ್ನು ಹಿಡಿದ ಅವನ ಮುಂಗೈಯ ಪಟ್ಟಿಯೂ ಕೆಂಪಾಯಿತು. ಅವನ ಪರದೆಯೂ ಕಪ್ಪಾಯಿತು. ಎದ್ದು ಬರಿಗಾಲಲ್ಲೇ ಬೀದಿಗೆ ಓಡಿದ.

“ನಿಲ್ಲವಾ, ಕಸ್ತೂರಿ! ನಾ ಸುಳ್ಳು ಹೇಳೀನಿ!”

ಅವಳ ಆಟೋ ಆಗಲೇ ತಿರುವು ದಾಟಿತ್ತು.