ಲ್ಯಾಬ್ ಮಾಮನ ಸಹಿ

"ಸಹಿ ಹಾಕ್ಬೇಡಿ ಮಾಮ," ಅಂದಳು ಡಾಕ್ಟರ್ ಹುಡುಗಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ.

ಮಾಮನ ಕೈಯಲ್ಲಿ ಪೆನ್ನು ಅಲ್ಲೇ ನಿಂತಿತು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಗಾಜಿನ ನಳಿಕೆ ತೊಳೆದು ತೊಳೆದು, ಓದುವ ಮಕ್ಕಳಿಗೆಲ್ಲ ಮಾಮ ಆದವನು ಅವನು. ಈಗ ಮಂಚದ ಮೇಲೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ಮುದುಡಿದ್ದಳು. ಬೆಳಿಗ್ಗೆಯಿಂದ ವಾಂತಿ, ಜೊತೆಗೆ ಗುಡ್ಡ ಹತ್ತಿ ಬಂದವಳ ಹಾಗೆ ಏದುಸಿರು. ದೊಡ್ಡ ಡಾಕ್ಟರು ಬಂದು ಹೊಟ್ಟೆ ಒತ್ತಿ, "ಅಪೆಂಡಿಕ್ಸು, ಇವತ್ತೇ ಆಪರೇಷನ್" ಅಂದು ಇನ್ಯಾರದೋ ಆಪರೇಷನ್ನಿಗೆ ಹೋಗಿದ್ದರು. ಅವರು ಹೊರಗೆ ಬರುವಷ್ಟರಲ್ಲಿ ಒಪ್ಪಿಗೆ ಹಾಳೆಗೆ ಸಹಿ ಬೀಳಬೇಕಿತ್ತು.

"ಯಾಕಮ್ಮ?"

"ಇದು ಅಪೆಂಡಿಕ್ಸ್ ಅಲ್ಲ ಅನ್ನಿಸ್ತಿದೆ. ವಾರದಿಂದ ಬಿಂದಿಗೆಗಟ್ಟಲೆ ನೀರು ಕುಡೀತಿದ್ಲು ಅಂತ ನೀವೇ ಹೇಳಿದ್ರಲ್ಲ? ಈಗ ಬೆರಳು ಚುಚ್ಚಿ ನೋಡಿದೆ, ಅತ್ತೆಗೆ ಸಕ್ಕರೆ ಕಾಯಿಲೆ, ನಿಮಗ್ಯಾರಿಗೂ ಗೊತ್ತಿಲ್ಲ. ಅದು ಮಿತಿಮೀರಿ ರಕ್ತದಲ್ಲಿ ಆಸಿಡ್ ಏರಿದೆ. ಈ ಉಸಿರು, ಈ ಹೊಟ್ಟೆನೋವು ಎಲ್ಲ ಅದರದ್ದೇ. ದೊಡ್ಡವರು 'ಸಕ್ಕರೇನ ಆಮೇಲೆ ನೋಡ್ಕೊಳ್ಳೋಣ' ಅಂತಾರೆ. ಹೀಗಿರುವಾಗ ಮೇಜಿನ ಮೇಲೆ ಮಲಗಿಸಿದ್ರೆ ಏಳೋದು ಕಷ್ಟ. ನಾನು ಚಿಕ್ಕವಳು, ನನ್ನ ಮಾತು ನಡೆಯಲ್ಲ. ನೀವು ನಾಲ್ಕು ಗಂಟೆ ಟೈಮ್ ಕೇಳಿ."

ಅಯ್ಯೋ ದೇವರೇ, ಊರಲ್ಲಿರುವ ಡಾಕ್ಟರುಗಳನ್ನೆಲ್ಲ ಬಿಟ್ಟು ಇವಳೇ ಬೇಕಿತ್ತಾ? ಆಸಿಡ್ಡಿನ ಮಾತು ಯಾರು ಆಡಿದರೂ ನಂಬಬಹುದು, ಇವಳು ಆಡಿದರೆ ಹೇಗೆ ನಂಬುವುದು? ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ, ಅದು ಯಾವ ಉಪ್ಪು ಅಂತ ಪರೀಕ್ಷಿಸಿ ಬರೆಯಬೇಕು. ಏಳೆಂಟು ವರ್ಷದ ಹಿಂದೆ, ಅವನ ಲ್ಯಾಬಿನಲ್ಲೇ, ಇವಳು ಎರಡು ನಳಿಕೆ ಒಡೆದು, ಮೂಗು ಒರೆಸಿಕೊಳ್ಳುತ್ತಾ, "ಡಾಕ್ಟರಾಗೋಳಿಗೆ ಈ ಪುಡಿ ಯಾಕೆ ಬೇಕು ಮಾಮ?" ಅಂದಿದ್ದಳು. ಮಾಮನಿಗೇನು ಗೊತ್ತು ಮಣ್ಣು! "ಸೀಟು ಕೊಡೋರು ಕೇಳ್ತಾರೆ, ನಾವು ಬರೀಬೇಕು, ಅಷ್ಟೇ" ಅಂದು, ಮೇಜು ಒರೆಸುವ ನೆಪದಲ್ಲಿ ಬಗ್ಗಿ ಉಪ್ಪಿನ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ಟಿದ್ದ. ಇದಕ್ಕೆಲ್ಲ ಯಾರಿಂದಲೂ ಒಂದು ಕಾಸು ತಗೊಂಡವನಲ್ಲ. ಮಕ್ಕಳು ಅತ್ತರೆ ಅವನಿಗೆ ಕರುಳು ಚುರುಕ್ ಅನ್ನುತ್ತಿತ್ತು.

ಮಾಮ ಕಿಟಕಿಗೆ ಹೋದ, ಮಂಚಕ್ಕೆ ಬಂದ, ಮತ್ತೆ ಕಿಟಕಿಗೆ ಹೋದ. ನರ್ಸು ಇಣುಕಿ "ಸಹಿ ಆಯ್ತಾ?" ಅಂದಳು. "ಆಯ್ತು, ಇನ್ನೊಂದ್ ನಿಮಿಷ" ಅಂದ. ಅವಳು ಹೋದ ಮೇಲೆ ತಡೆಯಲಾಗದೆ ಹೇಳಿಯೇಬಿಟ್ಟ. "ಬೇಜಾರು ಮಾಡ್ಕೋಬೇಡ ತಾಯಿ. ನಿನಗೆ ಕೆಮಿಸ್ಟ್ರಿ ಎಷ್ಟು ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹುಡುಗಿಯ ಮುಖ ಕೆಂಪಾಯಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

"ನನ್ನನ್ನ ನಂಬಬೇಡಿ. ಸಕ್ಕರೆಯಿಂದ ಆಸಿಡ್ ಏರಿದ್ರೆ ಉಸಿರಿನ ವಾಸನೇನೇ ಹೇಳುತ್ತೆ. ಅತ್ತೆ ಬಾಯಿ ಹತ್ರ ಬಗ್ಗಿ ಮೂಸಿ ನೋಡಿ."

ಮಾಮ ಬಗ್ಗಿದ. ಸಿಹಿಸಿಹಿಯಾಗಿ, ಮೂಗಿಗೆ ಚುಚ್ಚುವ ಹಾಗೆ ಬಂತು ವಾಸನೆ. ಅಸಿಟೋನ್! ತೊಳೆದ ನಳಿಕೆ ಬೇಗ ಒಣಗಲಿ ಅಂತ ದಿನಾ ಸುರಿಯುತ್ತಿದ್ದನಲ್ಲ, ಅದೇ. ಎರಡು ದಿನದಿಂದ ಮಲಗುವ ಕೋಣೆಯಲ್ಲಿ ಇದೇ ವಾಸನೆ ಆಡುತ್ತಿತ್ತು. ತನ್ನ ಕೆಲಸದ ಅಂಗಿಯದೇ ಇರಬೇಕು ಅಂದುಕೊಂಡು ಪುಣ್ಯಾತ್ಮ ಎರಡು ಸಲ ಅಂಗಿ ಒಗೆದು ಹಾಕಿದ್ದ.

ದೊಡ್ಡ ಡಾಕ್ಟರು ಬಂದು ಕೂಗಾಡಿದರು. "ಹೆಚ್ಚುಕಮ್ಮಿ ಆದ್ರೆ ನನ್ನನ್ನ ಕೇಳಬೇಡಿ" ಅಂದರು. ಮಾಮ ಕೈಮುಗಿದು ನಿಂತು "ನಾಲ್ಕೇ ಗಂಟೆ ಸ್ವಾಮಿ" ಅನ್ನುವುದನ್ನು ಬಿಡಲಿಲ್ಲ. ಹುಡುಗಿ ಸಲೈನ್ ಹಾಕಿದಳು, ಇನ್ಸುಲಿನ್ ಕೊಟ್ಟಳು, ಗಂಟೆಗೊಮ್ಮೆ ಬಂದು ಬೆರಳು ಚುಚ್ಚಿ ನೋಡಿದಳು. ಮಾಮ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ನಂಬಿದ್ದು ಸರಿಯೋ, ಹೆಂಡತಿಯನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದೇನೋ ಅಂತ ಜೀವ ಹಿಂಡುತ್ತಿತ್ತು.

ಮೂರನೇ ಗಂಟೆ ದಾಟುವಾಗ ಏದುಸಿರು ಇಳಿಯಿತು. ಇನ್ನೊಂದು ಅರ್ಧ ಗಂಟೆಗೆ ಹೆಂಡತಿ ಕಣ್ಣು ಬಿಟ್ಟು, "ಗಾಣದೆತ್ತಿನ ಹಾಗೆ ಯಾಕೆ ಸುತ್ತುತಾ ಇದ್ದೀರಿ? ನೋಡಿ ನೋಡಿ ನನಗೆ ತಲೆ ತಿರುಗ್ತಿದೆ, ಕೂತ್ಕೊಳ್ಳಿ" ಅಂದಳು. ಮದುವೆಯಾದಾಗಿನಿಂದ ಅವಳ ಬೈಗುಳ ಅಷ್ಟು ಇಂಪಾಗಿ ಎಂದೂ ಕೇಳಿರಲಿಲ್ಲ. ದೊಡ್ಡ ಡಾಕ್ಟರು ಬಂದು ಮತ್ತೆ ಹೊಟ್ಟೆ ಒತ್ತಿದರು. ಅವಳು ನೋವು ಅನ್ನಲಿಲ್ಲ. ಅವರು "ಹೂಂ" ಅಂದು ಒಪ್ಪಿಗೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು.

ಹುಡುಗಿ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಮಾಮ ಹತ್ತಿರ ಹೋಗಿ ನಿಂತ.

"ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ, ಹೊಟ್ಟೆಗೆ ಹಾಕ್ಕೋ ಮಗಳೇ. ಇಷ್ಟೆಲ್ಲ ಎಲ್ಲಿ ಕಲಿತೆ?"

"ಇದೇ ವಾರ್ಡಲ್ಲಿ." ಅವಳು ತಿರುಗಲಿಲ್ಲ, ನಲ್ಲಿಯನ್ನೂ ನಿಲ್ಲಿಸಲಿಲ್ಲ. "ಹೋದ ವರ್ಷ ಒಬ್ಬರು ಹೊಟ್ಟೆನೋವು ಅಂತ ಬಂದ್ರು. ಆಪರೇಷನ್ನಿಗೆ ಬರೆದು ಕಳಿಸಿದ್ದು ನಾನೇ. ಅವರು ಮೇಜಿನಿಂದ ಏಳಲಿಲ್ಲ. ಅವರ ಬಾಯಿಂದಲೂ ಇದೇ ವಾಸನೆ ಬರ್ತಿತ್ತು ಮಾಮ. ನನಗೆ ಅದು ಏನು ಅಂತ ಗೊತ್ತಾಗಲಿಲ್ಲ."