ಸಾಸಿವೆ ಡಬ್ಬಿ

ನಮ್ಮ ಬಡಾವಣೆಯ ಮಹಿಳಾ ಸಂಘದವರೂ ಬ್ಯಾಂಕಿನವರೂ ಸೇರಿ ದೇವಸ್ಥಾನದ ಸಭಾಭವನದಲ್ಲಿ ಮನೆಖರ್ಚಿನ ಪಾಠ ಏರ್ಪಡಿಸಿದ್ದರು. ಗಂಡ ಹೆಂಡತಿ ಜೋಡಿಯಾಗಿಯೇ ಬರಬೇಕೆಂಬ ಷರತ್ತು ಬೇರೆ. ಕೊನೆಯಲ್ಲಿ ಕೇಸರಿಬಾತು ಇದ್ದುದರಿಂದ ಗಂಡಸರೂ ಬಂದಿದ್ದರು.

"ಬರೋ ಹಣಾನ ಮೊದಲೇ ಭಾಗ ಮಾಡಿಡಿ," ಎಂದರು ಬ್ಯಾಂಕಿನ ಮೇಡಂ. "ಬಾಡಿಗೆಗೆ ಇಷ್ಟು, ಹಾಲಿಗೆ ಇಷ್ಟು, ಔಷಧಿಗೆ ಇಷ್ಟು. ತಪ್ಪಿಸೋಕೆ ಆಗದ ಖರ್ಚಿಗೂ ಒಂದು ಮಿತಿ ಇರಲಿ. ಈಗ ಹೇಳಿ, ಉಳಿಸಿದ ದುಡ್ಡು ಎಲ್ಲಿಡ್ತೀರಿ?"

ಗಂಡಂದಿರು ಪಕ್ಕದಲ್ಲೇ ಕೂತಿರುವಾಗ ಯಾವ ಹೆಂಗಸು ಬಾಯಿ ಬಿಟ್ಟಾಳು?

ಸುಮ್ಮನಿದ್ದು ಗೊತ್ತಿಲ್ಲದ ಟೈಲರ್ ಚಿಕ್ಕಣ್ಣ ಎದ್ದು ನಿಂತ. ಹೆಂಡತಿ ಇಂದ್ರಮ್ಮ ಅವನ ಅಂಗಿ ಜಗ್ಗಿದಳು. "ಕೂತ್ಕೊಳ್ರೀ!"

"ನಾನ್ ಹೇಳ್ತೀನಿ ಮೇಡಂ. ನಮ್ಮನೇಲಿ ಸಾಸಿವೆ ಡಬ್ಬೀಲಿ! ಶನಿವಾರ ಬಂತೂಂದ್ರೆ ನನ್ನ ಇಸ್ಪೀಟಿಗೆ ಅದ್ರಿಂದ್ಲೇ ಎತ್ಕೋತೀನಿ. ಇವತ್ತಿನವರೆಗೂ ಇವಳಿಗೆ ಗೊತ್ತೇ ಆಗಿಲ್ಲ!"

ಗಂಡಸರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಮೇಡಂ ಪೆಚ್ಚಾಗಿ ಇಂದ್ರಮ್ಮನ ಹತ್ತಿರ ಬಂದರು.

"ಬೇಜಾರು ಮಾಡ್ಕೋಬೇಡೀಮ್ಮ. ಇನ್ಮೇಲೆ ಉಳಿಸಿದ್ದನ್ನ ಬ್ಯಾಂಕಲ್ಲಿಡಿ."

"ಉಳಿಸಿದ್ದು ಬ್ಯಾಂಕಲ್ಲೇ ಇದೆ ಮೇಡಂ," ಎಂದಳು ಇಂದ್ರಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಸಾಸಿವೆ ಡಬ್ಬಿಗೆ ನಾನು ಶುಕ್ರವಾರ ಶುಕ್ರವಾರ ಹಾಕಿಡೋದು, ಶನಿವಾರ ಇವ್ರು ಕದಿಯೋದಕ್ಕೆ."