ಅಂಗೈ ನೋಯದ ಒರಳು

ನಮ್ಮ ನಗರದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕಾದರೆ ಪಾಸು ಬೇಕು. ಒಬ್ಬರಿಂದ ಆಗದ ಕೆಲಸವಿದ್ದರೆ ಮಾತ್ರ ಅದು ಸಿಗುತ್ತದೆ. ನಾನು ಅಡುಗೆ ಸಾಮಾನು ವಿನ್ಯಾಸ ಮಾಡುವವಳು. ಅಂಗೈ ನೋಯದಂತೆ ಮಾಡಿದ ನನ್ನ ಹೊಸ ಚಕ್ಕುಲಿ ಒರಳನ್ನು ಪರೀಕ್ಷಿಸಲು ಅರವತ್ತು ದಾಟಿದ ತುಂಗಮ್ಮನವರ ಮನೆಗೆ ಪಾಸು ಪಡೆದು ಹೋದೆ.

ಅವರು ಹಿಟ್ಟು ತುಂಬಿ ಒತ್ತಿದರು. ಬಾಳೆಲೆಯ ಮೇಲೆ ನಾಲ್ಕು ಸುತ್ತು ಸರಾಗವಾಗಿ ಇಳಿಯಿತು.

“ಅಯ್ಯೋ, ಎಷ್ಟು ಹಗುರ ಇದೆಯಮ್ಮ!” ಎಂದವರು ಪಾಸು ಕಚೇರಿಗೆ ಕೊಡಲು ನನ್ನ ಕೈಲಿದ್ದ ಫಾರಂ ಕಂಡು ಒರಳನ್ನು ಕೆಳಗಿಟ್ಟರು. “ಒಬ್ಬರೇ ಒತ್ತಬಹುದು ಅಂತ ಬರೀತೀಯೇನಮ್ಮ?”

“ಹೌದು. ಇನ್ನು ನಿಮಗೆ ಯಾರ ಸಹಾಯವೂ ಬೇಡ.”

“ಅಷ್ಟಮಿಗೆ ಚಕ್ಕುಲಿ ಒತ್ತಿಕೊಡೋಕೆ ನನ್ನ ತಂಗಿ ಬರ್ತಾಳೆ. ವರ್ಷಕ್ಕೆ ಅದೊಂದೇ ಸಲ.” ಅವರು ಅಂಗೈ ಉಜ್ಜಿಕೊಂಡರು. “ಕೈ ತುಂಬಾ ನೋಯ್ತಿದೆ ಕಣಮ್ಮ.”

ಅಂಗೈ ಒಂದಿಷ್ಟೂ ಕೆಂಪಾಗಿರಲಿಲ್ಲ. ಇಡೀ ವರ್ಷದ ದುಡಿಮೆ ಹಾಳಾಗುತ್ತದೆಂದು ಗೊತ್ತಿದ್ದೂ ‘ಇಬ್ಬರು ಬೇಕು’ ಎಂದು ಬರೆದೆ.

ಹೋದ ವರ್ಷ ಶಾವಿಗೆ ಒರಳನ್ನು ಹೀಗೇ ಹಗುರ ಮಾಡಿ ಬಹುಮಾನ ಪಡೆದವಳು ನಾನೇ. ಈ ಯುಗಾದಿಗೆ ನನ್ನ ಮನೆಗೆ ಬಂದು ಶಾವಿಗೆಯ ಎಳೆ ಹಿಡಿಯಲು ಅಮ್ಮನಿಗೆ ಪಾಸು ಸಿಗಲಿಲ್ಲ.